ಗುಳ್ಳೆ ನೋಡುವ ಕೆಲಸ

ಈ ಸಲದ ಹಿಂಗಾರಿಗೆ ರಂಗಪ್ಪಮಾವನ ತೋಟದ ಬಾವಿ ಮತ್ತೆ ತುಂಬಿದೆ. ಮೊನ್ನೆ ಕಾಯಿ ಕೀಳುವವರಿಗೆ ಕಾಫಿ ಕೊಟ್ಟು ಬರೋಣವೆಂದು ಹೋದೆ. ಬಾವಿ ಕಾಣುವ ಮೊದಲೇ ಅದರ ವಾಸನೆ ಬಂತು. ಪಾಚಿ, ನೆನೆದ ತೆಂಗಿನ ಮಟ್ಟೆ, ಕಲ್ಲುಸಂದಿಯ ತಣ್ಣನೆಯ ಮಣ್ಣು ಎಲ್ಲ ಸೇರಿದ ವಾಸನೆ. ಬೇರೆಯವರಿಗೆ ಹಿತವೆನಿಸಬಹುದು. ನನಗೆ ಮಾತ್ರ ಅಲ್ಲಿ ನಿಲ್ಲಲು ಆಗುವುದಿಲ್ಲ. ಫ್ಲಾಸ್ಕನ್ನು ಕೈಗೆ ಸಿಕ್ಕವರಿಗೆ ಕೊಟ್ಟು ಹಿಂತಿರುಗಿ ನೋಡದೆ ಬಂದುಬಿಟ್ಟೆ. ಮದುವೆಯಾದ ವರ್ಷದ ಹಿಂಗಾರನ್ನು ನಾನು ಕಳೆದದ್ದು ಆ ಬಾವಿಯ ಮೆಟ್ಟಿಲ ಮೇಲೆ ಕೂತು, ನೀರಿನಿಂದ ಗುಳ್ಳೆ ಏಳುತ್ತದೋ ಇಲ್ಲವೋ ಎಂದು ನೋಡುತ್ತ.

ನಮ್ಮ ಮನೆ ಇರುವುದು ಬಾಣಾವರದ ಪಕ್ಕದ ಹಳ್ಳಿಯಲ್ಲಿ. ನನ್ನ ಗಂಡ ಲೋಕೇಶ್ ನೌಕಾದಳದಲ್ಲಿ ನಾವಿಕ. ನಮ್ಮ ಸೀಮೆಯಿಂದ ಮಿಲಿಟರಿಗೆ ಹೋದವರು ಬೇಕಾದಷ್ಟು ಜನ ಇದ್ದಾರೆ, ಕಡಲಿಗೆ ಹೋದವರು ಕಡಿಮೆ. ಕಡಲು ಅಂದರೆ ಇಲ್ಲಿಯವರಿಗೆ ಹಳೇಬೀಡಿನ ಕೆರೆಯೇ ದೊಡ್ಡದು. ಹಡಗಿನಲ್ಲಿ ಇದ್ದವರು ಇದ್ದಂತಿರದೆ ಮದುವೆಯಾದ ಮೇಲೆ ಜಲಾಂತರ್ಗಾಮಿಗೆ ಹೆಸರು ಕೊಟ್ಟರು. ಜಲಾಂತರ್ಗಾಮಿ ಎಂದು ನಾನು ತರಗತಿಯಲ್ಲಿ ಬರೆಸುತ್ತೇನೆ, ಮನೆಯಲ್ಲಿ ಎಲ್ಲರೂ ಸಬ್‌ಮರೀನ್ ಅನ್ನುತ್ತಾರೆ. ಅತ್ತೆಗೆ ಅದು 'ಮುಳುಗೋ ಹಡಗು'. "ತೇಲೋ ಹಡಗು ಇರುವಾಗ ಮುಳುಗೋದು ಯಾಕಪ್ಪ ನಿಂಗೆ?" ಎಂದು ಫೋನಿನಲ್ಲಿ ಒಂದು ಸಲ ಕೇಳಿದ್ದರು. ಇವರು ನಕ್ಕು ಮಾತು ಬದಲಾಯಿಸಿದ್ದರು.

ಮುಳುಗುವ ಹಡಗಿನವರನ್ನು ತಯಾರು ಮಾಡಲು ಪೂರ್ವ ಕರಾವಳಿಯಲ್ಲಿ ಒಂದು ಶಾಲೆಯಿದೆ. ಅಲ್ಲಿ ಪೈಪುಗಳನ್ನೆಲ್ಲ ಕೈಯಿಂದ ಸವರಿ, ಯಾವುದು ಎಲ್ಲಿಂದ ಹೊರಟು ಎಲ್ಲಿ ಸೇರುತ್ತದೆ ಎಂದು ಕಣ್ಣುಮುಚ್ಚಿ ಹೇಳುವಷ್ಟು ಕಲಿಯಬೇಕು. ಅದರಲ್ಲಿ ಇವರು ಮುಂದು. ಕಷ್ಟವಾದದ್ದು ಗೋಪುರ. ಒಳಗೆಲ್ಲ ನೀರು ತುಂಬಿದ ಎತ್ತರದ ಗೋಪುರ ಅದು. ಮುಳುಗಿಹೋದ ಹಡಗಿನಿಂದ ಜೀವ ಉಳಿಸಿಕೊಂಡು ಮೇಲೆ ಬರುವುದನ್ನು ಅದರಲ್ಲಿ ಕಲಿಸುತ್ತಾರೆ. ತಳದ ಪುಟ್ಟ ಕೋಣೆಯಲ್ಲಿ ನಿಲ್ಲಿಸಿ, ನೀರಿನ ಒತ್ತಡಕ್ಕೆ ಸಮನಾಗಿ ಗಾಳಿ ತುಂಬಿ, ಬಾಗಿಲು ತೆಗೆದು ಬಿಡುತ್ತಾರೆ. ಅಲ್ಲಿ ಎಳೆದುಕೊಂಡ ಗಾಳಿ ಮೇಲೇರಿದ ಹಾಗೆಲ್ಲ ಎದೆಯೊಳಗೆ ಹಿಗ್ಗುತ್ತದೆ. ಹಾಗಾಗಿ ದಾರಿಯುದ್ದಕ್ಕೂ ಬಾಯಿಂದ ಉಸಿರು ಬಿಡುತ್ತಲೇ ಬರಬೇಕು. ಹಿಡಿದುಕೊಂಡರೆ ಎದೆ ಹರಿದೀತು. ಅದಕ್ಕೆಂದೇ ಮೇಷ್ಟ್ರುಗಳು ನೀರಿನೊಳಗೆ ಅಲ್ಲಲ್ಲಿ ಕಾದಿದ್ದು, ಯಾರ ಬಾಯಿಂದ ಗುಳ್ಳೆ ಬರುತ್ತಿಲ್ಲವೋ ಅವರನ್ನು ಹಿಡಿದು ಪಕ್ಕಕ್ಕೆ ಎಳೆದುಕೊಳ್ಳುತ್ತಾರೆ.

ಇವರನ್ನು ಪ್ರತಿ ಸಲವೂ ಎಳೆದುಕೊಂಡರು.

ಗೌರಿಹಬ್ಬ ಮುಗಿದು ಸ್ವಲ್ಪ ದಿನಕ್ಕೆ, ಫೋನೂ ಮಾಡದೆ, ಬೆನ್ನಿಗೆ ಚೀಲ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದರು. ರಜೆ ಅಂದರು. ಎರಡು ದಿನ ರಜೆಯ ಮಾತೇ ಆಯಿತು. ಮೂರನೆಯ ದಿನ ಊಟಕ್ಕೆ ಕೂತಾಗ, ಮುದ್ದೆ ಮುರಿಯುತ್ತ, ತಟ್ಟೆ ನೋಡಿಕೊಂಡೇ ಹೇಳಿದರು. ಮುಂದಿನ ತಂಡದ ಜೊತೆ ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ಅದೇ ಕೊನೆಯದು. ಆಗಲೂ ಆಗದಿದ್ದರೆ ಮತ್ತೆ ಹಳೆಯ ಹಡಗಿಗೆ. "ಮರಳುಗಾಡಿನ ಕಡೆಯೋನು ಒಬ್ಬ ಇದ್ದ. ಈಜೇ ಬರ್ತಿರಲಿಲ್ಲ ಅವನಿಗೆ. ಮೊದಲನೇ ಸಲಕ್ಕೇ ಪಾಸು," ಅಂದರು. ಆಮೇಲೆ ಊಟ ಸೇರಲಿಲ್ಲ.

ಈಜು ಬಂದದ್ದೇ ಇವರಿಗೆ ಮುಳುವಾಗಿತ್ತು. ನಮ್ಮ ಕಡೆಯ ಹುಡುಗರಿಗೆಲ್ಲ ಈಜು ಕಲಿಸಿದವನು ಅತ್ತೆಯ ತಮ್ಮ ರಂಗಪ್ಪಮಾವ. ಎರಡು ಒಣಗಿದ ತೆಂಗಿನಕಾಯಿಗಳನ್ನು ಸಿಪ್ಪೆ ಸಮೇತ ಜೋಡಿಸಿ ಬೆನ್ನಿಗೆ ಕಟ್ಟಿ ಬಾವಿಗೆ ತಳ್ಳುವುದು ಮೊದಲನೇ ಪಾಠ. ಕಾಯಿ ಬಿಚ್ಚಿ ಬಿಡುವುದು ಎರಡನೆಯದು. ಕೊನೆಯದು ತಳಕ್ಕೆ ಹೋಗಿ ಒಂದು ಹಿಡಿ ಕೆಸರು ತರುವುದು. ತಂದವನ ಹಣೆಗೆ ಮಾವ ಅದೇ ಕೆಸರಿನಿಂದ ಉದ್ದಕ್ಕೆ ನಾಮ ಎಳೆಯುತ್ತಾನೆ. ಆ ನಾಮ ಇಟ್ಟುಕೊಂಡು ಊರೊಳಗೆ ನಡೆದು ಬಂದರೆ ಈಜು ಕಲಿತ ಹಾಗೆ. "ಉಸುರು ಕಚ್ಚಿ ಹಿಡ್ಕಳ್ಳಾ. ಬಿಟ್ಯೋ, ಮಣ್ಣು ಸಿಕ್ಕಾಕಿಲ್ಲ" ಎಂಬುದೊಂದೇ ಅವನ ಮಂತ್ರ. ಇವರು ಆ ಮಂತ್ರವನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತಿದ್ದರು. ನೀರು ತಲೆಗೆ ತಾಗಿದ್ದೇ ತಡ, ಬಾಯಿ ತಾನಾಗಿ ಬಿಗಿದುಕೊಳ್ಳುತ್ತದಂತೆ. ಬಿಗಿದುಕೊಂಡಿದೆ ಎಂಬುದೂ ಗೊತ್ತಾಗುವುದಿಲ್ಲವಂತೆ.

ಆಮೇಲಿನ ದಿನಗಳಲ್ಲಿ ಈ ಮನುಷ್ಯ ಮನೆಯಲ್ಲಿ ಒಂದು ಕಡೆ ಕೂತಿದ್ದನ್ನು ನಾನು ನೋಡಲಿಲ್ಲ. ಕೂತರೆ ಮೊಣಕಾಲು ಕುಣಿಯುತ್ತಿತ್ತು. ಮೇಲಿನ ನೀರಿನ ತೊಟ್ಟಿಯಿಂದ ಬಚ್ಚಲಿನವರೆಗೆ ಪೈಪನ್ನು ಸವರಿಕೊಂಡು ಹೋಗಿ, ಸೋರದ ನಲ್ಲಿಯನ್ನೆಲ್ಲ ಬಿಚ್ಚಿ ಸೋರುವ ಹಾಗೆ ಮಾಡಿದರು. ಒಳಗೆ ಹೋದರೂ ಹೊರಗೆ ಬಂದರೂ ದಾಟಿದ ಬಾಗಿಲು ಮುಚ್ಚಿ ಚಿಲಕ ಹಾಕುವುದು ಆ ಶಾಲೆಯಲ್ಲಿ ಕಲಿತ ಅಭ್ಯಾಸ. ಅಡುಗೆಮನೆಯಲ್ಲಿ ಸಿಕ್ಕಿಹಾಕಿಕೊಂಡ ಅತ್ತೆ ಕಿಟಕಿಯಿಂದ ನನ್ನ ಹೆಸರು ಕೂಗುತ್ತಿದ್ದರು. ಮಧ್ಯಾಹ್ನ ಸುಮ್ಮನೆ ಬೈಕ್ ಹತ್ತಿ ಬಾಣಾವರದ ಸ್ಟೇಷನ್ನಿಗೆ ಹೋಗಿ, ನಿಲ್ಲದ ರೈಲುಗಳನ್ನು ನೋಡಿಕೊಂಡು ಬರುತ್ತಿದ್ದರು. "ಯಾಕೆ ಹೋಗಿದ್ರಿ?" ಅಂದರೆ "ಸುಮ್ನೆ" ಅನ್ನುವರು. ಸುಮ್ಮನೆ ಎಂಬ ಮಾತು ಕೇಳಿದರೆ ಮೈ ಉರಿಯುವಷ್ಟಾಗಿತ್ತು ನನಗೆ.

ನನಗೇನು ನೆಮ್ಮದಿಯಿತ್ತೇ? ಆಗ ನಾನು ಹಳೇಬೀಡಿನ ಒಂದು ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕಿ. ಬೆಳಿಗ್ಗೆ ಜಾವಗಲ್ ದಾರಿಯಲ್ಲಿ ಹೋಗುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು, ಮಳೆಯ ಎರಚಲಿಗೆ ಮುಖ ಒಡ್ಡಿಕೊಂಡು ಒಂದೇ ವಿಷಯ ಯೋಚಿಸುತ್ತಿದ್ದೆ. ಇವರು ಫೇಲಾಗಲಿ. ಬಚ್ಚಿಡುವುದೇಕೆ, ನನ್ನ ಆಸೆ ಅದೇ ಆಗಿತ್ತು. ಹಡಗಿನಲ್ಲಿದ್ದಾಗ ದಡ ಹತ್ತಿರವಾದರೆ ಫೋನಾದರೂ ಬರುತ್ತಿತ್ತು. ಮುಳುಗುವ ಹಡಗಿನವರು ಎಲ್ಲಿದ್ದಾರೆ, ಯಾವಾಗ ಬರುತ್ತಾರೆ ಎಂದು ಹೆಂಡತಿಗೂ ಹೇಳುವ ಹಾಗಿಲ್ಲ. ಮದುವೆಯಾಗಿ ಒಟ್ಟಿಗೆ ಉಂಡ ಊಟಗಳೇ ಕಡಿಮೆ. ಇನ್ನು ಸುದ್ದಿಯೂ ಇಲ್ಲದ ಗಂಡನನ್ನು ಕಟ್ಟಿಕೊಂಡು ನಾನೇನು ಮಾಡಲಿ ಎಂಬ ಸಿಟ್ಟು. ಮನೆಗೆ ಬಂದು ಇವರ ಮುಖ ನೋಡಿದರೆ ಆ ಆಸೆಗೆ ನಾಚಿಕೆ. ಬೆಳಿಗ್ಗೆ ಬಸ್ಸು ಹತ್ತಿದರೆ ಮತ್ತೆ ಅದೇ ಆಸೆ.

ಆ ವರ್ಷ ಹಿಂಗಾರು ಬಿಡದೆ ಸುರಿಯಿತು. ಬೋರ್‌ವೆಲ್ ಬಂದ ಮೇಲೆ ಕಸ ಹಾಕುವ ಗುಂಡಿಯಾಗಿದ್ದ ಬಾವಿಗಳಲ್ಲೆಲ್ಲ ನೀರು ಬಂತು. ಮಾವನ ಬಾವಿ ಮಾತ್ರ ಮೊದಲಿಂದಲೂ ಚೊಕ್ಕ. ಅದು ಮೇಲಿನ ಮೆಟ್ಟಿಲವರೆಗೂ ತುಂಬಿಕೊಂಡ ದಿನ ಇವರ ಮುಖಕ್ಕೆ ಜೀವ ಬಂತು. ನಾನು ಶಾಲೆಯಿಂದ ಬರುವುದನ್ನೇ ಕಾದಿದ್ದು, "ಸವಿತಾ, ನಿನ್ನಿಂದ ಒಂದು ಕೆಲಸ ಆಗಬೇಕು," ಅಂದರು.

ಕೆಲಸ ಇಷ್ಟು. ಬಾವಿಯ ಕಲ್ಲುಕಂಬಕ್ಕೆ ಕಟ್ಟಿದ ಹಗ್ಗದ ತುದಿಗೆ ಗುಂಡುಕಲ್ಲು ಕಟ್ಟಿ ನೀರಿಗೆ ಇಳಿಬಿಟ್ಟಿರುತ್ತದೆ. ಇವರು ಹಗ್ಗ ಹಿಡಿದು ತಳಕ್ಕೆ ಹೋಗಿ, ಅಲ್ಲಿಂದ ಉಸಿರು ಬಿಡುತ್ತ ಮೇಲೆ ಬರಬೇಕು. ನಾನು ಮೆಟ್ಟಿಲ ಮೇಲೆ ಕೂತು ಗುಳ್ಳೆ ಬರುತ್ತದೆಯೇ ನೋಡಬೇಕು. "ಅಲ್ಲಿ ತಳದಲ್ಲಿ ಎಳೆದುಕೊಂಡ ಗಾಳಿ, ಇಲ್ಲಿ ಮೇಲೇ ಎಳೆದುಕೊಂಡದ್ದು. ಇಲ್ಲಿ ಹಿಡಿದುಕೊಂಡರೂ ಅಪಾಯವೇನಿಲ್ಲ. ಆದರೆ ಬಾಯಿಗೆ ಅಭ್ಯಾಸ ಆಗಬೇಕು. ನನಗೆ ನನ್ನ ಬಾಯಿ ಗೊತ್ತಾಗಲ್ಲ. ನೀನೇ ಹೇಳಬೇಕು," ಅಂದರು.

ನೋಡಿ, ಯಾರ ಕೈಗೆ ಯಾವ ಕೆಲಸ ಬಂತು ಅಂತ. ಗುಳ್ಳೆ ಬಾರದಿದ್ದರೂ ಬಂತು ಎಂದುಬಿಟ್ಟರೆ ಸಾಕಿತ್ತು. ಇವರು ನಂಬಿಕೊಂಡು ಹೋಗಿ, ಗೋಪುರದಲ್ಲಿ ಸಿಕ್ಕಿಬಿದ್ದು, ಹಳೆಯ ಹಡಗಿಗೆ ವಾಪಸಾಗುತ್ತಿದ್ದರು. ಆ ಯೋಚನೆ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಂತು, ದಿನಾ ಬಂತು. ಆದರೆ ನೀರಿನಿಂದ ತಲೆ ಎತ್ತಿ, ಕಣ್ಣು ಕೆಂಪು ಮಾಡಿಕೊಂಡು, "ಬಂತಾ?" ಎಂದು ಇವರು ಕೇಳುವಾಗ ಬಾಯಿಗೆ ಬರುತ್ತಿದ್ದದ್ದು ನಿಜವೇ.

"ಇಲ್ಲ ರೀ."

ಮತ್ತೆ ಮುಳುಗುವರು. ಒಂದು ಬೊಗಸೆ ಗುಳ್ಳೆ ಆರಂಭದಲ್ಲಿ ಬುಳಬುಳ ಬರುವುದು, ಆಮೇಲೆ ನೀರು ಮಟ್ಟಸ. "ಅರ್ಧದಲ್ಲಿ ನಿಂತುಹೋಯ್ತು." ಮತ್ತೆ ಮುಳುಗುವರು. ದಡದಲ್ಲಿ ಮಾವ ಬೀಡಿ ಹಚ್ಚಿಕೊಂಡು ಓಡಾಡುತ್ತಿದ್ದ. ಅವನಿಗೆ ಇದು ತನ್ನ ವಿದ್ಯೆಗೇ ಆದ ಅವಮಾನ. "ಉಸುರು ಬಿಟ್ಕಂಡು ಬರಾದೂ ಒಂದು ಈಜೇನ್ಲಾ ಲೋಕಿ? ಕಪ್ಪೆನೂ ಮಾಡಾಕಿಲ್ಲ," ಎಂದು ಮೊದಲು ಹಂಗಿಸಿದ. ಕೆಲವು ದಿನ ಕಳೆದ ಮೇಲೆ ಹಂಗಿಸುವುದು ನಿಂತಿತು. ನನ್ನ ಪಕ್ಕ ಬಂದು ಕೂತು, "ನಾನೇ ಕಲಿಸ್ದೆ ಕಣವ್ವ, ಈಗ ಬಿಡ್ಸಾಕೆ ಬತ್ತಾ ಇಲ್ಲ," ಅಂದ. ಸಂಜೆ ಇವರು ನಡುಗಿಕೊಂಡು ಮನೆಗೆ ಬಂದರೆ ಅತ್ತೆ ಹಂಡೆಯ ಬಿಸಿನೀರು ತೋಡಿ, ಮೆಣಸಿನ ಸಾರು ಬಡಿಸುತ್ತಿದ್ದರು.

ಒಂದು ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ಬಂದಿದ್ದೆ. ಎಂಟನೇ ತರಗತಿಗೆ ಒತ್ತಡದ ಪಾಠ ಮಾಡಿದ ಹುರುಪು ಬೇರೆ. ಬಾವಿಯ ಬಳಿ ನಿಂತು ಬಲೂನಿನ ಉದಾಹರಣೆ ಕೊಟ್ಟು, ಗಾಳಿ ಯಾಕೆ ಹಿಗ್ಗುತ್ತದೆ, ಬಾಯಿ ಯಾಕೆ ತೆರೆದಿರಬೇಕು ಎಂದು ಇವರಿಗೆ ವಿವರಿಸಿದೆ. ಎದೆವರೆಗಿನ ನೀರಿನಲ್ಲಿ ನಿಂತು ಕೇಳುತ್ತಿದ್ದವರು ತಣ್ಣಗೆ ಹೇಳಿದರು: "ಮೆಟ್ಟಿಲ ಮೇಲೆ ಕೂತು ಪಾಠ ಹೇಳೋದು ಸುಲಭ ಕಣೇ. ನೀರೊಳಗೆ ಬಾ, ಗೊತ್ತಾಗುತ್ತೆ."

ನನಗೆ ಸಿಟ್ಟು ಬಂದರೆ ಹಿಂದೆ ಮುಂದೆ ಕಾಣುವುದಿಲ್ಲ. ತವರಿನಲ್ಲೂ ಅದೇ ಹೆಸರು ನನಗೆ. "ಮಾವ, ಕಾಯಿ ಕಟ್ಟಿ," ಅಂದೆ.

ಮಾವ ಕಕ್ಕಾಬಿಕ್ಕಿಯಾದ. ಆ ಬಾವಿಯಲ್ಲಿ ಹೆಣ್ಣುಮಕ್ಕಳು ಇಳಿದದ್ದು ಅವನ ಕಾಲದಲ್ಲಿ ಇರಲಿಲ್ಲ. ಆದರೂ ತೋಟದ ಮನೆಯಿಂದ ಒಣಗಿದ ಕಾಯಿ ತಂದು, ಚೂಡಿದಾರದ ವೇಲನ್ನೇ ಹಗ್ಗ ಮಾಡಿ ಬೆನ್ನಿಗೆ ಬಿಗಿದ. ನೀರು ಸೊಂಟಕ್ಕೆ ಬರುವ ಹೊತ್ತಿಗೆ ಸಿಟ್ಟೆಲ್ಲ ಇಳಿದು ಹಲ್ಲು ಕಟಕಟ ಅನ್ನುತ್ತಿದ್ದವು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಅಂತ ಗಾದೆ ಮಾಡಿದವರು ನಮ್ಮ ಹಿಂಗಾರಿನಲ್ಲಿ ಬಾವಿಗೆ ಇಳಿದಿರಲಿಕ್ಕಿಲ್ಲ. ಚಳಿ ಇತ್ತು, ಮೇಲೆ ಜಡಿಮಳೆಯೂ ಇತ್ತು.

ಆಮೇಲೆ ಶಾಲೆಯಿಂದ ಬಂದ ಕೂಡಲೇ ಬಾವಿ. ಕೈಕಾಲು ಬಡಿಯುವುದು ಬಂತು, ಕಾಯಿ ಬಿಚ್ಚಿದ್ದಾಯಿತು. ಊರಿನವರು ಏನೇನೋ ಆಡಿಕೊಂಡರಂತೆ. ಅತ್ತೆ, "ಅವಳ ಗಂಡ ಅವಳ ಜೊತೇಲಿ ಅವ್ನೆ, ನಿಮಗೇನು?" ಎಂದು ಬಾಯಿ ಮುಚ್ಚಿಸಿದರಂತೆ. ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಹಗ್ಗ ಹಿಡಿಸಿ ಇವರು ನನ್ನನ್ನು ಕೆಳಗೆ ಕರೆದುಕೊಂಡು ಹೋದರು. ಆಳವೇನಲ್ಲ, ಎರಡಾಳು ಇರಬಹುದು. ನನ್ನ ಪಾಲಿಗೆ ಅದೇ ಪಾತಾಳ. ಕಿವಿ ಬಿಗಿಯಿತು, ಮೇಲಿನ ಬೆಳಕು ಹಸಿರಾಯಿತು. ಇವರು ನನ್ನ ಭುಜ ತಟ್ಟಿ ಮೇಲೆ ಹೋಗು ಎಂದು ಕೈ ಮಾಡಿದರು. ನನಗೆ ಗೊತ್ತಿದ್ದದ್ದು ಒಂದೇ ಪಾಠ, ಉಸಿರು ಬಿಡಬೇಕು. ಕಚ್ಚಿ ಹಿಡಿಯುವ ಮಂತ್ರವನ್ನು ನನಗೆ ಯಾರೂ ಹೇಳಿರಲಿಲ್ಲ. ತುಟಿ ಮುಂದೆ ಮಾಡಿ, ಸೌದೆ ಒಲೆ ಊದುವ ಹಾಗೆ ಊದಿದೆ. ಊದುತ್ತ ಊದುತ್ತ ಮೇಲೆ ಬಂದೆ. ತಲೆ ನೀರಿನಿಂದ ಹೊರಗೆ ಬಂದಾಗಲೂ ಊದುತ್ತಲೇ ಇದ್ದೆನಂತೆ. ಮಾವ ಗಹಗಹಿಸಿ ನಗುತ್ತಿದ್ದ.

ನನ್ನ ಹಿಂದೆಯೇ ಬಂದ ಇವರು ನಗಲಿಲ್ಲ. "ಇನ್ನೊಂದು ಸಲ ಮಾಡು," ಅಂದರು. ಮಾಡಿದೆ. "ಇನ್ನೊಂದು ಸಲ." ಕೆಳಗೆ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಗೋಪುರದಲ್ಲಿ ಇವರು ಯಾವಾಗಲೂ ತಮ್ಮ ಸರದಿಗೆ ಮಾತ್ರ ನೀರಿಗಿಳಿದವರು. ಬೇರೊಬ್ಬರು ಉಸಿರು ಬಿಡುತ್ತ ಮೇಲೇರುವುದನ್ನು ಕೈಯಳತೆಯಲ್ಲಿ ನೋಡಿದ್ದು ಅದೇ ಮೊದಲು. ನನ್ನ ಕೈಕಾಲು ಸೋತು ಮೆಟ್ಟಿಲಿಗೆ ಒರಗಿದ ಮೇಲೆ ಇವರು ಒಬ್ಬರೇ ಹೋದರು. ತಳದಿಂದ ಗುಳ್ಳೆಗಳು ಬರತೊಡಗಿದವು. ಅರ್ಧದಲ್ಲಿ ನಿಲ್ಲುತ್ತವೆ ಎಂದು ಕಾದೆ. ನಿಲ್ಲಲಿಲ್ಲ. ಸಣ್ಣಗೆ, ಒಂದರ ಹಿಂದೆ ಒಂದು, ಇವರ ತಲೆ ಕಾಣಿಸುವವರೆಗೂ ಬಂದವು.

"ಬಂತಾ?"

ಆಗಲೂ ಸುಳ್ಳು ಹೇಳಬಹುದಿತ್ತು. "ಬಂತು," ಅಂದೆ. "ಪೂರ್ತಿ ಬಂತು." ನನಗೆ ಖುಷಿಯಾಯಿತು. ಅದರ ಬೆನ್ನಿಗೇ, ನನ್ನ ಕೈಯಾರೆ ಇವರನ್ನು ಮುಳುಗೋ ಹಡಗಿಗೆ ಹತ್ತಿಸಿದೆನಲ್ಲ ಅನ್ನಿಸಿತು. ಮಾವ ಮೆಟ್ಟಿಲ ಮೇಲಿನ ಕೆಸರನ್ನೇ ಬೆರಳಲ್ಲಿ ತೆಗೆದು ನನ್ನ ಹಣೆಗೆ ನಾಮ ಎಳೆದ. ಮನೆಗೆ ಹೋಗಿ ಕನ್ನಡಿ ನೋಡುವವರೆಗೂ ಅದನ್ನು ಒರೆಸುವ ನೆನಪಾಗಲಿಲ್ಲ.

ಹೊರಡುವ ವಾರ ಇವರು ಬೈಕಿನಲ್ಲಿ ನನ್ನನ್ನು ಕರೆದುಕೊಂಡು ಬರಲು ಹಳೇಬೀಡಿಗೆ ಬಂದಿದ್ದರು. ಕೆರೆ ಏರಿಯ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದೆವು. ದೇವಸ್ಥಾನ ನೋಡಲು ಬಂದ ಬಸ್ಸುಗಳು ಒಂದೊಂದಾಗಿ ಬೇಲೂರಿನ ಕಡೆ ತಿರುಗುತ್ತಿದ್ದವು. ಇವರು ಸಿಪ್ಪೆಯನ್ನು ಪುಡಿಪುಡಿ ಮಾಡುತ್ತ, "ಇದು ಇಷ್ಟಪಟ್ಟು ಹೋಗೋ ಕೆಲಸ. ಬಲವಂತ ಇಲ್ಲ. ನೀನು ಬೇಡ ಅಂದ್ರೆ ಹೋಗಲ್ಲ," ಅಂದರು.

ಅಷ್ಟು ದಿನ ನಾನು ಕಾದದ್ದು ಆ ಮಾತಿಗೇ. ಬಂದಾಗ ಮಾತ್ರ ಪಿತ್ತ ನೆತ್ತಿಗೇರಿತು. "ಭಾರ ತಂದು ನನ್ನ ತಲೆ ಮೇಲೆ ಇಡಬೇಡಿ," ಅಂದೆ. "ಈ ಎರಡು ತಿಂಗಳು ನಿಮ್ಮನ್ನ ನೋಡಿದೀನಿ. ಸೋರದೇ ಇರೋ ನಲ್ಲಿ ಬಿಚ್ಚಿದ್ರಿ, ನಿಲ್ಲದೇ ಇರೋ ರೈಲು ಕಾದ್ರಿ. ಹಾಗೇ ವಾಪಸ್ ಬಂದ್ರೆ ಜೀವನ ಪೂರ್ತಿ ಇದೇ ಮನುಷ್ಯನ ಜೊತೆ ನಾನು ಬಾಳಬೇಕು. ನನ್ನ ಕೈಲಿ ಆಗಲ್ಲ."

"ಹಾಗಾದ್ರೆ ಹೋಗು ಅಂತೀಯಾ?"

"ಹೋಗು ಅಂತಾನೂ ಅನ್ನಲ್ಲ. ಹೋಗೋದಾದ್ರೆ ನೀವಾಗೇ ಹೋಗಿ. ಬಾಯಿ ಮಾತ್ರ ತೆರೆದುಕೊಂಡು ಬನ್ನಿ."

ಇವರು ನಕ್ಕರು. ಊರಿಗೆ ಬಂದ ಮೇಲೆ ಮೊದಲನೇ ಸಲ ಇವರ ಮೊಣಕಾಲು ಕುಣಿಯದೆ ನಿಂತಿತ್ತು. ನನಗೆ ಅಳು ಬಂತು, ತಡೆಯಲಿಲ್ಲ. ಕಡಲೆಕಾಯಿ ಮಾರುವವಳು ನಮ್ಮನ್ನೇ ನೋಡುತ್ತಿದ್ದಳು, ನೋಡಿಕೊಳ್ಳಲಿ ಎಂದು ಬಿಟ್ಟೆ.

ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಹತ್ತಿಸಿ ಬಂದ ಮೇಲೆ ಇವರ ಕಳವಳವೆಲ್ಲ ನನಗೆ ಅಂಟಿಕೊಂಡಿತು. ತರಗತಿಯಲ್ಲಿ ಹೇಳಿದ್ದನ್ನೇ ಹೇಳುತ್ತಿದ್ದೆ. ಫೋನು ಕೈಯಿಂದ ಇಳಿಯುತ್ತಿರಲಿಲ್ಲ. ಪಾಸಾಗಲಿ ಎಂದು ಒಂದು ಗಳಿಗೆ, ಬೇಡ ಎಂದು ಇನ್ನೊಂದು ಗಳಿಗೆ. ಕೊನೆಕೊನೆಗೆ ಏನಾದರೂ ಒಂದಾಗಲಿ, ಬೇಗ ಆಗಲಿ ಅನ್ನಿಸಿಬಿಟ್ಟಿತ್ತು.

ಒಂದು ಭಾನುವಾರ, ಅತ್ತೆ ಮತ್ತು ನಾನು ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ಫೋನು ಬಂತು. ಇವರ ದನಿ ಕೇಳಿದ ಕೂಡಲೇ ಗೊತ್ತಾಯಿತು. "ಆಯ್ತು ಸವಿತಾ. ಯಾರೂ ತಡೀಲಿಲ್ಲ. ತುದಿವರೆಗೂ ಬಂದೆ," ಅಂದರು. ನನ್ನ ಬಾಯಲ್ಲಿ ಬಂದದ್ದು, "ತಲೆ ಒರೆಸಿಕೊಂಡ್ರಾ? ಶೀತ ಆಗುತ್ತೆ," ಎಂಬ ಮಾತು. ಆಮೇಲೆ ಸಂತೋಷ ಆಯಿತು ಅಂದೆ. ಅದು ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಫೋನನ್ನು ಅತ್ತೆಗೆ ಕೊಟ್ಟೆ. ಅವರು, "ಒಳ್ಳೇದಾಯ್ತಪ್ಪ, ಹೊತ್ತೊತ್ತಿಗೆ ಉಣ್ಣು," ಎಂದು ನನಗೇ ವಾಪಸ್ ಕೊಟ್ಟರು.

ಇಬ್ಬರೂ ಮತ್ತೆ ಸುಲಿಯತೊಡಗಿದೆವು. ಅತ್ತೆ ಕಾಳನ್ನು ಸಿಪ್ಪೆಯ ಗುಡ್ಡೆಗೆ ಹಾಕುತ್ತಿದ್ದರು, ಸಿಪ್ಪೆಯನ್ನು ಮೊರಕ್ಕೆ.

"ನಾನು ಮಾಲೇಕಲ್ಲು ತಿಮ್ಮಪ್ಪಂಗೆ ಹರಕೆ ಹೊತ್ತಿದ್ದೆ ಕಣವ್ವ," ಅಂದರು.

"ಹೋಗಿ ತೀರಿಸಿ ಬರೋಣ ಬಿಡಿ ಅತ್ತೆ. ಮಗ ಪಾಸಾದನಲ್ಲ."

"ಪಾಸಾಗ್ಲಿ ಅಂತಲ್ಲ." ಅವರ ಕೈ ನಿಂತಿತು. "ಆಗ್ದೇ ಇರ್ಲಿ ಅಂತ."

ನಾನು ಅವರ ಮುಖ ನೋಡಿದೆ. ದಿನಾ ಬಿಸಿನೀರು ತೋಡಿದವರು, ಮೆಣಸಿನ ಸಾರು ಬಡಿಸಿದವರು, ನನ್ನ ಪರವಾಗಿ ಊರಿನವರ ಬಾಯಿ ಮುಚ್ಚಿಸಿದವರು. ಒಂದೇ ಸೂರಿನಡಿ, ಒಂದೇ ಆಸೆಯನ್ನು ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಬಚ್ಚಿಟ್ಟುಕೊಂಡು ಓಡಾಡಿದ್ದೆವು. "ನಾನೂ ಅದನ್ನೇ ಬೇಡಿಕೊಂಡಿದ್ದೆ ಅತ್ತೆ," ಅಂದೆ. ಅವರಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ. ಸೆರಗಿನಿಂದ ನನ್ನ ಕಣ್ಣು ಒರೆಸಿ, ಆಮೇಲೆ ತಮ್ಮದನ್ನು ಒರೆಸಿಕೊಂಡರು. ಮೊರದಿಂದ ಸಿಪ್ಪೆ ಆರಿಸಿ ತೆಗೆಯುತ್ತ ಹೇಳಿದರು: "ನಾಳಿಕ್ಕೆ ರಜಾ ಹಾಕು. ಬೆಟ್ಟ ಹತ್ತಿ ಬರಾನ."

"ಕೇಳಿದ್ದು ಕೊಡ್ಲಿಲ್ಲವಲ್ಲ ಅತ್ತೆ ಅವನು. ಇನ್ನೆಂಥ ಹರಕೆ?"

"ಅದು ಒಂದ್ಸಲ ಕೇಳಿದ್ದು, ಹೋಯ್ತು. ಇನ್ಮೇಲೆ ಹುಡುಗ ಮುಳುಗ್ದಾಗೆಲ್ಲ ಕೇಳ್ಬೇಕು ಕಣವ್ವ. ಈಗ್ಲೇ ಮುನಿಸ್ಕಂಡು ಕುಂತ್ರೆ, ಆವಾಗ ಯಾರ್ನ ಕೇಳಾದು?"